ಮಾವ ಕೊಟ್ಟ ವಾಚು

ಆ ಬೆಳಿಗ್ಗೆ ಗುಂಡಿ ಕಾರ್ಖಾನೆಯ ಹಾಜರಿ ಕಂಪ್ಯೂಟರು ತೂತಣ್ಣ ಒಂಬತ್ತರ ಪಾಳಿಗೆ ಎರಡು ನಿಮಿಷ ತಡ ಎಂದಿತು. ಅಂಗಿಯ ಗುಂಡಿಗೆ ತೂತು ಕೊರೆಯುವವನಿಗೆ ಬೇರೆ ಹೆಸರು ಯಾರು ಇಡುತ್ತಾರೆ?

"ಸಂಜೆ ಶೆಡ್ಡು ಪೂರ್ತಿ ನೀನೇ ಗುಡಿಸು," ಎಂದರು ಮ್ಯಾನೇಜರು. "ಐದು ನಿಮಿಷ ದಾಟಿದ್ದಿದ್ರೆ ನಿನ್ನನ್ನೇ ಗುಡಿಸಿ ಹೊರಗೆ ಹಾಕ್ತಿದ್ದೆ."

ತೂತಣ್ಣನ ಮೈ ಉರಿಯಿತು. ಅವನ ಕೈಯ ವಾಚಿನಲ್ಲಿ ಇನ್ನೂ ಒಂಬತ್ತೇ ಆಗಿರಲಿಲ್ಲ. "ಇದು ಮಾವ ಕೊಟ್ಟ ವಾಚು ಸಾರ್, ಸುಳ್ಳು ಹೇಳಲ್ಲ. ನಿಮ್ಮ ಮಿಷಿನ್ನೇ ಮುಂದೆ ಓಡ್ತಿದೆ!"

"ಊಟದ ಬೆಲ್ಲಿನೊಳಗೆ ತೋರಿಸು, ನೋಡೋಣ."

ಅದು ಲಿನಕ್ಸ್ ಕಂಪ್ಯೂಟರು. ಬಣ್ಣವಿಲ್ಲ, ಚಿತ್ರವಿಲ್ಲ, ಏನು ಹೇಳಿದರೂ ಸಾಲಾಗಿ ಟೈಪು ಮಾಡಬೇಕು; ಮುನಿಸಿಕೊಂಡ ಅತ್ತೆಯ ಮುಖದಂಥ ಕಪ್ಪು ಪರದೆ. ಅದನ್ನು ನೋಡಿಕೊಳ್ಳುವ ಅಕ್ಕನ ಪಕ್ಕ ತೂತಣ್ಣ ಸ್ಟೂಲು ಎಳೆದುಕೊಂಡ.

"ಇದಕ್ಕೆ ಟೈಮ್ ಹೇಳೋರು ಯಾರಕ್ಕಾ?"

"ಒಳಗೊಂದು ಪುಟ್ಟ ಸೆಲ್ ಇದೆ, ನಮ್ಮ ಕೋಟಿನ ಗುಂಡಿಯಷ್ಟು. ಅದಕ್ಕೆ ವಯಸ್ಸಾದ್ರೆ ಲೆಕ್ಕ ತಪ್ಪುತ್ತೆ."

ಗುಂಡಿ ಎಂದೊಡನೆ ತೂತಣ್ಣನಿಗೆ ಧೈರ್ಯ ಬಂತು. ಅಕ್ಕ ಹೇಳಿಕೊಟ್ಟಂತೆ ಟೈಮ್ ಬದಲಿಸುವ ಸಾಲನ್ನು ಒಂದೊಂದೇ ಬೆರಳಲ್ಲಿ ಕುಟ್ಟಿದ. ನಿನಗೆ ಅಧಿಕಾರವಿಲ್ಲ ಎಂದಿತು ಪರದೆ.

"ನೋಡಕ್ಕಾ, ಇದೂ ಮ್ಯಾನೇಜರ್ ಥರಾನೇ!"

"ಮುಂದೆ ಸೂಡೂ ಅಂತ ಸೇರಿಸು. ಅಂದ್ರೆ ಯಜಮಾನನ ಗತ್ತಲ್ಲಿ ಹೇಳಿದ ಹಾಗೆ." ಅಕ್ಕ ಪಾಸ್‌ವರ್ಡನ್ನು ತಾನೇ ಒತ್ತಿದಳು.

"ನನ್ನ ವಾಚಿನ ಟೈಮ್ ಹಾಕು," ಎಂದು ಗುಮಾಸ್ತ ಕೈ ಚಾಚಿದ. "ಅದು ನೀರಿಗೆ ಬಿದ್ದಿತ್ತಲ್ಲಯ್ಯಾ, ನಂದು ಹಾಕಿ," ಎಂದು ವಾಚ್‌ಮನ್ ನುಗ್ಗಿದ. ಇಬ್ಬರ ಮುಳ್ಳೂ ಎರಡು ದಿಕ್ಕಿಗೆ.

"ನಿಮ್ಮ ಯಾರದೂ ಬೇಡ," ಎಂದಳು ಅಕ್ಕ. "ನೆಟ್ಟಿನಲ್ಲಿ ಟೈಮ್ ಕೊಡೋದಕ್ಕೇ ಕೂತಿರೋ ಕಂಪ್ಯೂಟರ್‌ಗಳಿವೆ. ಅವನ್ನೇ ಕೇಳೋಣ."

ಮ್ಯಾನೇಜರೂ ಬಂದು ಬಗ್ಗಿದರು. ತೂತಣ್ಣ ಎಂಟರ್ ಕುಟ್ಟಿದ. ಪರದೆಯ ಗಡಿಯಾರ ಚಂಗನೆ ನೆಗೆಯಿತು. ಹಿಂದಕ್ಕಲ್ಲ, ಹತ್ತು ನಿಮಿಷ ಮುಂದಕ್ಕೆ!

"ಮಿಷಿನ್ ತಪ್ಪೇ ಕಣೋ. ನಿಧಾನ ಓಡ್ತಿತ್ತು," ಮ್ಯಾನೇಜರು ನಕ್ಕರು. "ಅಂದ್ರೆ ನೀನು ಬಂದದ್ದು ಎರಡಲ್ಲ, ಹನ್ನೆರಡು ನಿಮಿಷ ತಡ. ಹೊರಡು."

ತೂತಣ್ಣ ವಾಚು ಬಿಚ್ಚಿ ಮಾವನನ್ನು ಮನಸಾರೆ ಬೈದ.

"ಒಂದ್ನಿಮಿಷ ಸಾರ್," ಎಂದಳು ಅಕ್ಕ. "ನೀವು ಬೆರಳೊತ್ತಿದ್ದು ಸರಿಯಾಗಿ ಒಂಬತ್ತಕ್ಕೆ. ಅಂದ್ರೆ ನಿಜವಾಗಿ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ. ಸಂಜೆ ದೊಡ್ಡ ಯಜಮಾನ್ರು ಹಾಜರಿ ನೋಡುವಾಗ ಈ ಹತ್ತು ನಿಮಿಷಾನೂ ಸೇರಿಸ್ತಾರಲ್ಲ?"

ಮ್ಯಾನೇಜರ ನಗು ದಾರ ಕಡಿದ ಗುಂಡಿಯಂತೆ ಉದುರಿತು. ಸುತ್ತ ನೋಡಿ ದನಿ ತಗ್ಗಿಸಿದರು.

"ತಮ್ಮಾ, ಆ ಟೈಮ್ ಮೊದಲು ಹೇಗಿತ್ತೋ ಹಾಗೇ ಮಾಡಿಬಿಡು."

"ಹಾಗಾದ್ರೆ ನನ್ನ ಕೆಲ್ಸ ಸಾರ್?"

"ಇದೆಯಲ್ಲೋ. ನೀನು ಎರಡೇ ನಿಮಿಷ ತಡ."

ತೂತಣ್ಣ ಯಜಮಾನನ ಗತ್ತಲ್ಲಿ ಸೂಡೂ ಕುಟ್ಟಿ, ಸರಿಯಾದ ಗಡಿಯಾರವನ್ನು ಕೈಯಾರೆ ಕೆಡಿಸಿ, ಪೊರಕೆ ಎಲ್ಲಿದೆ ಎಂದು ಕೇಳಿದ.