ಹಳೇ ನೀರಿನ ಲೆಕ್ಕ

ನಲವತ್ತು ದಾಟಿದ ಮೇಲೆ ಮನುಷ್ಯ ಏನೇನು ಮಾಡಬಾರದು ಎಂದು ಹಿರಿಯರು ದೊಡ್ಡ ಪಟ್ಟಿಯನ್ನೇ ಹೇಳಿ ಹೋಗಿದ್ದಾರೆ. ಅದರಲ್ಲಿ ಎಂ.ಟೆಕ್. ಸೇರಿಸದೆ ಬಿಟ್ಟದ್ದು ಅವರ ತಪ್ಪು. ನನಗೇನೂ ಓದುವ ಹುಚ್ಚು ಹತ್ತಿರಲಿಲ್ಲ. ನಾನು ಪಾಠ ಹೇಳುವ ಕಾಲೇಜಿನವರು, ಎರಡು ವರ್ಷದಲ್ಲಿ ಎಂ.ಟೆಕ್. ಮುಗಿಸದಿದ್ದರೆ ಬೇರೆ ಕಡೆ ನೋಡಿಕೊಳ್ಳಿ ಎಂದು ನಗುನಗುತ್ತಲೇ ಹೇಳಿದ್ದರು. ಕೆಲಸ ಉಳಿಯಬೇಕಲ್ಲ! ಬೆಂಗಳೂರಿನ ಒಬ್ಬ ಪ್ರೊಫೆಸರರ ಕೈಕೆಳಗೆ ಸೇರಿದೆ. ಅವರು ಕೊಟ್ಟ ವಿಷಯ, ಮನೆಗಳಲ್ಲಿ ನೀರಿನ ಬಳಕೆ ದಿನದಿಂದ ದಿನಕ್ಕೆ ಹೇಗೆ ಏರಿಳಿಯುತ್ತದೆ ಎಂಬುದನ್ನು ಸಾಫ್ಟ್‌ವೇರಿನಲ್ಲಿ ಮಾದರಿ ಕಟ್ಟಿ ತೋರಿಸುವುದು. ಇದಕ್ಕೆ ಸಿಮ್ಯುಲೇಶನ್ ಎನ್ನುತ್ತಾರೆ. ನನ್ನ ಹೆಂಡತಿ ಶಾರದ, "ಅದರಿಂದ ನೀರು ಬರುತ್ತಾ ರೀ?" ಎಂದು ಕೇಳಿದಳು. ಬರುವುದಿಲ್ಲ ಎಂದೆ. ಅಲ್ಲಿಗೆ ಅವಳ ಆಸಕ್ತಿ ಮುಗಿಯಿತು.

ಆ ಸಾಫ್ಟ್‌ವೇರಿನೊಳಗೆ ಮೊದಲೇ ಒಂದು ಸಂಸಾರವಿರುತ್ತದೆ. ಅವರು ಬೆಳಿಗ್ಗೆ ಎದ್ದು ನಲ್ಲಿ ತಿರುಗಿಸುತ್ತಾರೆ, ನೀರು ಬರುತ್ತದೆ. ಸಂಜೆ ತಿರುಗಿಸುತ್ತಾರೆ, ಆಗಲೂ ಬರುತ್ತದೆ. ಎಂಥ ಪುಣ್ಯವಂತರೋ! ಚಿಂತಾಮಣಿಯ ನಮ್ಮ ಬೀದಿಯಲ್ಲಿ ಆಗ ಎಂಟು ದಿನಕ್ಕೊಮ್ಮೆ ನೀರು ಬಿಡುತ್ತಿದ್ದರು, ಅದೂ ಬಂದರೆ ಬಂತು. ನಲ್ಲಿ ಮೊದಲು ಬುಸ್ ಎಂದು ಗಾಳಿ ಬಿಡುತ್ತಿತ್ತು. ಆ ಸದ್ದಿಗೆ ಬೀದಿಯ ಹೆಂಗಸರೆಲ್ಲ ಕೈಲಿದ್ದ ಕೆಲಸ ಬಿಟ್ಟು ಓಡುತ್ತಿದ್ದರು. ಡ್ರಮ್ಮು, ಬಿಂದಿಗೆ, ಮದುವೆಯಲ್ಲಿ ಬಂದ ಕೊಳಗ, ಕೊನೆಗೆ ಕುಕ್ಕರು ಕೂಡ ತುಂಬಬೇಕು. ಆಮೇಲೆ ಏಳು ದಿನ ಒಂದೊಂದು ಚೊಂಬಿಗೂ ವಿಚಾರಣೆ. ಒಮ್ಮೆ ಗೌರಿಬಿದನೂರಿನಿಂದ ನನ್ನ ಭಾಮೈದ ಏಳನೇ ದಿನ ಬಂದು ಸ್ನಾನಕ್ಕೆ ಬಿಸಿನೀರು ಕೇಳಿದ. ಶಾರದ ಒಡಹುಟ್ಟಿದ ತಮ್ಮನ ಕೈಗೆ ಒಂದು ಚೊಂಬು ಕೊಟ್ಟು, "ಮುಖ ತೊಳ್ಕೊಳಪ್ಪ ಸಾಕು, ಚೆನ್ನಾಗೇ ಕಾಣ್ತೀಯ" ಅಂದಳು. ಅವನು ಮತ್ತೆ ಬರುವಾಗಲೆಲ್ಲ ಮೊದಲು ಫೋನ್ ಮಾಡಿ ನೀರಿನ ವಾರ ಕೇಳುತ್ತಿದ್ದ.

ಮಾದರಿಗೆ ಮಾಹಿತಿ ಬೇಕು. ಬೀದಿಯ ಹತ್ತು ಮನೆಗಳಿಗೆ ಸೀಮೆಸುಣ್ಣ ಹಂಚಿ, ಒಂದು ಬಿಂದಿಗೆ ಖರ್ಚಾದರೆ ಡ್ರಮ್ಮಿನ ಪಕ್ಕದ ಗೋಡೆಗೆ ಒಂದು ಗೀಟು ಎಳೆಯಿರಿ ಎಂದು ಬೇಡಿಕೊಂಡೆ. ಎದುರು ಮನೆಯ ರತ್ನಮ್ಮನವರು ಮೊದಲ ದಿನವೇ ಗೋಡೆ ತುಂಬ ಗೀಟು ಹಾಕಿದ್ದರು. "ಇಷ್ಟು ನೀರು ಎಲ್ಲಿತ್ತಮ್ಮ?" ಎಂದರೆ, "ಬರ್ಕೊಳಪ್ಪ ಮೇಷ್ಟ್ರೇ, ನೀನು ಬರ್ದಷ್ಟೇ ತಾನೆ ನಾಳೆ ಬಿಡೋದು?" ಅಂದರು. ಅವರ ಸೊಸೆಗೆ ಇನ್ನೊಂದು ಗುಮಾನಿ, ಇದೆಲ್ಲ ಮೀಟರು ಹಾಕುವ ಹುನ್ನಾರ ಎಂದು. ಅತ್ತೆ ಎಳೆದ ಗೀಟನ್ನು ಸೊಸೆ ಸೆರಗಿನಲ್ಲಿ ಒರೆಸುತ್ತಿದ್ದಳು. ಮಿಕ್ಕ ಮನೆಗಳೂ ಹೀಗೇ ಎರಡು ಪಂಗಡವಾದವು. ನಂಬುವ ಹಾಗಿದ್ದದ್ದು ನಮ್ಮ ಮನೆಯ ಗೋಡೆಯೊಂದೇ.

ಆ ಗೀಟುಗಳ ಲೆಕ್ಕವನ್ನು ಕಂಪ್ಯೂಟರಿಗೆ ಹಾಕಿ, ಕರೆಂಟು ಇದ್ದಾಗ ಓಡಿಸಿದೆ. ಬಳಕೆಯ ಗೆರೆ ಮೊದಲ ದಿನದಿಂದ ಏಳನೇ ದಿನದವರೆಗೆ ಚೆಂದವಾಗಿ ಇಳಿದು, ಎಂಟನೇ ದಿನ ಹೊಸ ನೀರು ಬರುವ ಮೊದಲೇ ನೆಟ್ಟಗೆ ಮೇಲಕ್ಕೆ ಹಾರಿತು! ಕಾರಣ ನನಗೆ ಗೊತ್ತೇ ಇತ್ತು. ನಲ್ಲಿ ಬುಸ್ ಎಂದ ಕೂಡಲೇ ನಮ್ಮ ಬೀದಿಯಲ್ಲಿ, ಏಳು ದಿನ ಜೀವ ಬಿಗಿಹಿಡಿದು ಉಳಿಸಿದ ನೀರನ್ನೆಲ್ಲ ಮೋರಿಗೆ ಸುರಿಯುತ್ತಾರೆ. ಅದು ಹಳೇ ನೀರು. ಪ್ರೊಫೆಸರರು ಗೆರೆಯನ್ನು ನೋಡಿ, "ನೀರಿಲ್ಲದ ಊರಲ್ಲಿ ನೀರು ಚೆಲ್ಲುತ್ತಾರೇನ್ರೀ? ಮಾಹಿತಿ ತಪ್ಪಿದೆ, ತೆಗೀರಿ" ಎಂದರು. ಕೆಲಸದ ಆಸೆಗೆ ನಾನು ತೆಗೆದೇಬಿಟ್ಟೆ. ನಾಚಿಕೆಯಾಯಿತು. ಅದನ್ನು ಮುಚ್ಚಿಕೊಳ್ಳಲು ಮನೆಗೆ ಬಂದು ಶಾರದೆಯ ಮೇಲೆ ಹಾರಾಡಿದೆ.

"ಏಳು ದಿನ ಕುಡಿದದ್ದು ಎಂಟನೇ ದಿನ ಹೇಗೆ ಕೆಡುತ್ತೆ?"

"ಹೊಸ ನೀರು ಬಂದ್ಮೇಲೆ ಹಳೇದ್ರಲ್ಲಿ ಬೇಳೆ ಬೇಯಲ್ಲ ರೀ."

ಇದಕ್ಕೆ ಯಾವ ಎಂಜಿನಿಯರಿಂಗ್ ಪುಸ್ತಕದಲ್ಲೂ ಉತ್ತರವಿಲ್ಲ. ಆದರೂ ಒಂದು ಗಂಟೆ ಉಪನ್ಯಾಸ ಕೊಟ್ಟೆ. ಕೊನೆಗೆ ಅವಳೇ ಸೋತು, "ಆಯ್ತು, ನಿಮ್ಮ ಪರೀಕ್ಷೆ ಮುಗಿಯೋ ತನಕ ಚೆಲ್ಲಲ್ಲ" ಎಂದಳು. ಮಾತಿಗೆ ತಪ್ಪಲೂ ಇಲ್ಲ.

ಮೌಖಿಕ ಪರೀಕ್ಷೆಯ ದಿನ ಬಂತು. ಬೆಳಿಗ್ಗೆ ಶಾರದ ಹಾಲು ತರಲು ಹೋಗಿದ್ದಳು. ನನ್ನ ಸ್ನಾನಕ್ಕೂ ಅಡುಗೆಗೂ ಎಂದು ಅರ್ಧ ಡ್ರಮ್ಮು ನೀರು ಉಳಿಸಿಟ್ಟಿದ್ದಳು. ನಾನು ಪಂಚೆ ಎತ್ತಿ ಕಟ್ಟಿ ಸ್ನಾನಕ್ಕೆ ಹೊರಟೆ, ನಲ್ಲಿ ಬುಸ್ ಎಂದಿತು. ಆಮೇಲಿನದನ್ನು ಹೇಗೆ ಹೇಳಲಿ? ಎಂ.ಟೆಕ್. ಓದಿದ್ದು ನನ್ನ ತಲೆ, ಕೈಗಳನ್ನು ಬೆಳೆಸಿದವಳು ನನ್ನ ತಾಯಿ. ಡ್ರಮ್ಮನ್ನು ಬಗ್ಗಿಸಿ ಒಂದು ತೊಟ್ಟೂ ಬಿಡದಂತೆ ಮೋರಿಗೆ ಸುರಿದು, ತೆಂಗಿನ ನಾರಿನಲ್ಲಿ ತಿಕ್ಕಿ, ನಲ್ಲಿಯ ಕೆಳಗೆ ಇಟ್ಟೆ. ನಲ್ಲಿ ಇನ್ನೊಮ್ಮೆ ಬುಸ್ ಎಂದು, ಅರ್ಧ ಚೊಂಬು ಕೆಂಪು ನೀರು ಉಗುಳಿ, ಸುಮ್ಮನಾಯಿತು.

ಶಾರದ ಬಂದು ಡ್ರಮ್ಮನ್ನು ನೋಡಿದಳು, ಮೋರಿಯನ್ನು ನೋಡಿದಳು, ನನ್ನನ್ನು ನೋಡಲಿಲ್ಲ. ರತ್ನಮ್ಮನವರು ತಮ್ಮ ಮನೆಯಲ್ಲಿ ಇನ್ನೂ ಚೆಲ್ಲಿರದ ಹಳೇ ನೀರಿನಲ್ಲಿ ಒಂದು ಚೊಂಬು ತಂದುಕೊಟ್ಟು, "ಹೇಳೋದು ಆಚಾರ, ತಿನ್ನೋದು ಬದನೆಕಾಯಿ" ಎಂದು ನಲ್ಲಿಗೆ ಹೇಳಿದಂತೆ ಹೇಳಿ ಹೋದರು. ಅದರಲ್ಲಿ ಮುಖ ತೊಳೆದು, ಕತ್ತಿಗೆ ಪೌಡರು ಬಳಿದು ಬಸ್ಸು ಹತ್ತಿದೆ.

ಪರೀಕ್ಷಕರು ನನ್ನ ಇಳಿಯುವ ಗೆರೆಯನ್ನು ಮೆಚ್ಚಿಕೊಂಡರು. "ಹೊಸ ನೀರು ಬಂದಾಗ ಉಳಿದ ನೀರನ್ನು ಯಾರಾದರೂ ಚೆಲ್ಲುತ್ತಾರೆಯೇ?" ಎಂದು ಕೇಳಿದರು. ಪ್ರೊಫೆಸರರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

"ಬುದ್ಧಿ ಇದ್ದವರು ಯಾರೂ ಚೆಲ್ಲೋದಿಲ್ಲ ಸರ್" ಎಂದೆ. ಅಷ್ಟು ಹೊತ್ತಿನಲ್ಲಿ ನಾನಾಡಿದ ಒಂದೇ ನಿಜ ಅದು. ಮಾದರಿ ವಾಸ್ತವಕ್ಕೆ ಬಹಳ ಹತ್ತಿರವಿದೆ ಎಂದು ಪಾಸು ಮಾಡಿದರು.

ಸಂಜೆ ಮೈ ಕೆರೆದುಕೊಳ್ಳುತ್ತ ಮನೆಗೆ ಬಂದೆ. ಡ್ರಮ್ಮಿನ ಪಕ್ಕದ ಗೋಡೆಯ ಮೇಲೆ ಹೊಸದಾಗಿ ಇದ್ದಿಲಿನಲ್ಲಿ ಎಳೆದ ಒಂಬತ್ತು ಗೀಟುಗಳಿದ್ದವು. ಅವುಗಳ ಮುಂದೆ ಶಾರದ ದುಂಡಗೆ 'ಮೇಷ್ಟ್ರು' ಎಂದು ಬರೆದಿದ್ದಳು. ಯಾರಾದರೂ ನೋಡುವ ಮೊದಲು ಅಳಿಸೋಣವೆಂದು ಒದ್ದೆ ಬಟ್ಟೆಗಾಗಿ ಹುಡುಕಿದೆ. ಬಟ್ಟೆ ಸಿಕ್ಕಿತು. ಒದ್ದೆ ಮಾಡಲು ಮನೆಯಲ್ಲಿ ನೀರಿರಲಿಲ್ಲ.