ಮಾವನ ಗಾಡಿಯ ಗೃಹಪ್ರವೇಶ

ಗಾಡಿಗೆ ಗೃಹಪ್ರವೇಶ ಮಾಡಿಸಿದವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡದ್ದೇನು ಬಂತು, ಅವನ ಕೈತುತ್ತು ತಿಂದೇ ಬೆಳೆದಿದ್ದೇನೆ! ಅವನು ನನ್ನ ಸೋದರಮಾವ. ಊರವರು ಅವನನ್ನು ಅರೆಹುಚ್ಚ ಎನ್ನುತ್ತಿದ್ದರು. ನಾನು ಒಪ್ಪುತ್ತಿರಲಿಲ್ಲ. ಮಾವ ಯಾವುದನ್ನೂ ಅರ್ಧಕ್ಕೆ ಬಿಟ್ಟವನಲ್ಲ.

ನಾನು ಇನ್ನೂ ಅಂಬೆಗಾಲಿಡುವಾಗಲೇ ಅಪ್ಪ ಅವ್ವ ಇಬ್ಬರೂ ತೀರಿಕೊಂಡರು. ಸಾಕಿದವನು ಮಾವ. ಅವನದು ಕುರಿ ಕಾಯುವ ಬದುಕು. ನಮ್ಮೂರು ನನ್ನಿವಾಳದಲ್ಲಿದ್ದರೆ ನೆಂಟರ ಜಗಲಿ, ಸಿದ್ದಾಪುರದ ಗುಡ್ಡಗಳಲ್ಲಿದ್ದರೆ ಬಂಡೆಯ ಮರೆ, ಮಳೆ ಬಂದರೆ ಕಂಬಳಿ. ಹಾಗೇ ಬೆಳೆಸಿ ನನ್ನನ್ನು ಮೊಳಕಾಲ್ಮೂರಿಗೆ ಮದುವೆ ಮಾಡಿಕೊಟ್ಟ. ನಾನು ಬಸುರಿಯಾಗುವವರೆಗೆ ಎಲ್ಲವೂ ಚೆನ್ನಾಗಿಯೇ ಇತ್ತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ! ನಮ್ಮ ಅತ್ತೆಯವರಂತೂ ಶಾಸ್ತ್ರದಲ್ಲಿ ಒಂದು ಅಕ್ಕಿಕಾಳು ಕಡಿಮೆಯಾದರೂ ಸಹಿಸುವವರಲ್ಲ. ಬಸುರಿಗೆ ಮಾಡುವ ಕುಬುಸದ ದಿನ ನೆಂಟರೆಲ್ಲರ ಎದುರಿಗೆ ಮಾವನನ್ನು ಕೇಳಿಯೇಬಿಟ್ಟರು.

"ಅಣ್ಣಾ, ಹುಡುಗೀನ ಕರಕೊಂಡು ಹೋಗಾದು ಯಾವ ಮನೆಗ್ರಿ? ನೆಂಟರ ಜಗಲಿಗಾ?"

ಕೂತಿದ್ದ ಹೆಂಗಸರು ಬಾಯಿಗೆ ಸೆರಗು ಹಿಡಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಮಾವ ಮಾತ್ರ ಇನ್ನೊಂದು ಹೋಳಿಗೆ ಹಾಕಿಸಿಕೊಂಡು, "ಮನೆ ನೋಡೀನಿ ಕಣಮ್ಮ. ಮುಂದಿನ ತಿಂಗಳು ಬರ್ತೀನಿ" ಎಂದ.

ಅವನು ನೋಡಿದ್ದ ಮನೆ ಚಳ್ಳಕೆರೆಯ ಸಂತೆಮಾಳದಲ್ಲಿ ನಿಂತಿತ್ತು. ಮುಚ್ಚಿಹೋದ ಯಾವುದೋ ನಾಟಕ ಕಂಪನಿಯ ಹಳೇ ಕಮಾನು ಗಾಡಿ! ಒಂದಷ್ಟು ಕುರಿ ಕೊಟ್ಟು ಅದನ್ನು ಕೊಂಡ. ಹಿಂಬದಿಯ ಹಲಗೆಯ ಮೇಲೆ ಬಾಯಿ ತೆರೆದ ರಾಕ್ಷಸನ ಚಿತ್ರವಿತ್ತು. ಅಳಿಸು ಎಂದವರಿಗೆ, "ಇರ್ಲಿ ಬಿಡ್ಲೇ, ಮನೆಗೆ ದೃಷ್ಟಿ ತಾಗಲ್ಲ" ಎಂದನಂತೆ. ದಾರಿಯ ಹಳ್ಳಿಯೊಂದರಲ್ಲಿ ಎತ್ತಿಗೆ ನೀರು ಕುಡಿಸಲು ನಿಲ್ಲಿಸಿದ್ದೇ ತಡ, ಜನ ಚಾಪೆ ಹಾಸಿಕೊಂಡು ಕೂತರು. "ಇವತ್ತು ಯಾವ ಆಟ?" ಎಂದು ಊರಗೌಡರು ಕೇಳಿದರು. ಆಸೆಯಿಂದ ಬಂದು ಕೂತವರನ್ನು ಎಬ್ಬಿಸುವುದುಂಟೇ? ಮಾವ ಗಾಡಿಯ ಮೇಲೆ ನಿಂತು, ತನಗೆ ಬರುತ್ತಿದ್ದ ಒಂದೇ ವಿದ್ಯೆಯಾದ ಕುರಿ ಕರೆಯುವ ಕೂಗನ್ನು ಬಗೆಬಗೆಯಾಗಿ ಕೂಗಿ ತೋರಿಸಿದ. ಜನ ಎದ್ದು ಹೋದರು. ಆ ಊರಿನ ಕುರಿಗಳು ಬಂದು ನಿಂತವು.

ಗಾಡಿಯನ್ನು ನನ್ನಿವಾಳಕ್ಕೆ ತಂದು ರಿಪೇರಿಗೆ ಕೈಹಾಕಿದ. ಬಿದಿರಿನ ಕಮಾನಿಗೆ ಹೊಸ ಚಾಪೆ ಹೊದಿಸಿದ. ಹೊಸಿಲಿಲ್ಲದೆ ಮನೆಯೇ ಎಂದು ಬಾಗಿಲಿಗೊಂದು ಹೊಸಿಲು ಬಡಿಸಿದ. ದೀಪಕ್ಕೆ ಗೂಡು ಮಾಡಿಸಿದ. ಆಮೇಲೆ ಪುರೋಹಿತರನ್ನು ಕರೆದ.

"ಗಾಡಿಗೆ ಯಾವ ಮಂತ್ರನಯ್ಯಾ ಹೇಳಾದು?"

"ಮನೇದೇ ಹೇಳ್ರಿ ಸ್ವಾಮಿ. ಗಾಲಿ ಇರಾದನ್ನ ನೀವು ನೋಡಾಕೆ ಹೋಗಬ್ಯಾಡ್ರಿ."

ಗೃಹಪ್ರವೇಶವೆಂದ ಮೇಲೆ ಮೊದಲು ಹಸು ಒಳಗೆ ಹೋಗಬೇಕು. ನಾಲ್ಕಾರು ಜನ ಸೇರಿ ಹಸುವನ್ನು ಹಿಂದಿನಿಂದ ಹತ್ತಿಸಿದರು. ಅದು ಮುಂಗಾಲು ಊರಿದ್ದೇ ತಡ, ಗಾಡಿ ಹಿಂದಕ್ಕೆ ಕುಸಿದು ನೊಗ ಆಕಾಶಕ್ಕೆದ್ದಿತು. ನೊಗದ ಮೇಲೆ ಕೂತಿದ್ದ ಪುರೋಹಿತರೂ ಅದರ ಜೊತೆ ಎದ್ದರು! ಮಂತ್ರವನ್ನು ಮಾತ್ರ ಅವರು ನಿಲ್ಲಿಸಲಿಲ್ಲ. ಅಷ್ಟು ಭಕ್ತಿಯಿಂದ ಅವರು ಯಾವತ್ತೂ ಹೇಳಿರಲಿಲ್ಲ ಎಂದು ನೋಡಿದವರು ಹೇಳುತ್ತಾರೆ. ಕೊನೆಗೆ ಕರುವಿನಲ್ಲೇ ಶಾಸ್ತ್ರ ಮುಗಿಯಿತು.

ಇಷ್ಟಾದರೂ ಮಾವನಿಗೆ ಒಂದು ದಿಗಿಲು ಉಳಿದೇ ಇತ್ತು. ದಾರಿಯೆಲ್ಲ ಕಲ್ಲು, ಒಳಗೆ ತುಂಬಿದ ಬಸುರಿ. ಕುಲುಕಾಟದಲ್ಲಿ ಹೆಚ್ಚುಕಡಿಮೆಯಾದರೆ? ಕಮಾನಿನಿಂದ ನುಲಿಯ ಮಂಚವೊಂದನ್ನು ತೂಗುಹಾಕಿದ. ಪರೀಕ್ಷೆಗೆಂದು ನನ್ನ ಬದಲು ಒಂದು ಗಡಿಗೆ ಮೊಸರು ಇಟ್ಟು ಸಿದ್ದಾಪುರದವರೆಗೆ ಹೊಡೆದ. ಮುಚ್ಚಳ ತೆಗೆದರೆ ಬೆಣ್ಣೆ ತೇಲುತ್ತಿತ್ತು! ಹುಲ್ಲು ಹಾಸಿದ, ಕಂಬಳಿ ಹಾಸಿದ, ಹಗ್ಗ ಬದಲಿಸಿದ, ಮತ್ತೆ ಹೊಡೆದ. ಆ ದಿನಗಳಲ್ಲಿ ನನ್ನಿವಾಳದ ಹೆಂಗಸರು ಕಡೆಗೋಲು ಮುಟ್ಟಲಿಲ್ಲವಂತೆ. ಕೊನೆಗೊಮ್ಮೆ ಮೊಸರು ಕೆನೆ ಕೂಡ ಒಡೆಯದೆ ವಾಪಸು ಬಂತು. ಮಾವ ಗಡಿಗೆಯನ್ನು ಹೊತ್ತು ಮನೆಮನೆಗೂ ತೋರಿಸಿದ. ಬೆಣ್ಣೆ ಎಲ್ಲಿ ಎಂದು ಹೆಂಗಸರು ಬೈದರು.

ಹೇಳಿದ ತಿಂಗಳಿಗೆ ಗಾಡಿ ಮೊಳಕಾಲ್ಮೂರಿನ ನಮ್ಮ ಬಾಗಿಲಿಗೆ ಬಂತು. ಅಕ್ಕಪಕ್ಕದ ಮನೆಗಳಲ್ಲಿ ಮಗ್ಗದ ಸದ್ದು ನಿಂತಿತು. ಸೀರೆ ನೇಯುವುದನ್ನು ಬಿಟ್ಟು ಜನ ನೋಡಲು ಬಂದರು.

"ಏಮಿ ಇದಿ?" ಎಂದರು ಅತ್ತೆ. ಸಿಟ್ಟು ಬಂದರೆ ಅವರಿಗೆ ತೆಲುಗೇ ಬರುತ್ತಿತ್ತು.

"ತವರುಮನೆ ಕಣಮ್ಮ. ಒಳಗೆ ಬರ್ರಿ" ಎಂದ ಮಾವ.

ಅತ್ತೆ ರಾಕ್ಷಸನನ್ನು ದಿಟ್ಟಿಸಿದರು. ಹೊಸಿಲು ಮುಟ್ಟಿ ನೋಡಿದರು. ಒಳಗೆ ಹೋಗಿ ತೂಗುಮಂಚದ ಮೇಲೆ ಮಲಗಿಯೂ ನೋಡಿದರು. ಹೊರಗೆ ನಾನು ಕಮಾನಿಗೆ ಕಿವಿಗೊಟ್ಟು ನಿಂತಿದ್ದೆ. ಇವರು ಒಲ್ಲೆ ಎಂದರೆ ಸಾಯುವವರೆಗೆ ನಾನು ತವರಿಲ್ಲದವಳೇ. ಒಳಗೆ ಮಂಚದ ಹಗ್ಗ ಬಹಳ ಹೊತ್ತು ಕಿರುಗುಟ್ಟಿತು. ಆಮೇಲೆ ಗೊರಕೆ ಕೇಳಿಸಿತು.

ಎದ್ದು ಬಂದವರೇ ಅಕ್ಕಿ ತರಿಸಿ ನನ್ನ ಮಡಿಲು ತುಂಬಿದರು. "ಹೊಸಿಲೈತೆ, ದೀಪದ ಗೂಡೈತೆ. ಮನೆ ಅಲ್ಲ ಅಂತ ಹೆಂಗನ್ಲಿ?" ಎಂದರು. ನನಗೆ ಹೋದ ಜೀವ ಬಂದಂತಾಯಿತು.

ನನ್ನಿವಾಳದ ಬೇವಿನ ಮರದಡಿ, ಆ ಗಾಡಿಯಲ್ಲೇ ಮಗಳು ಹುಟ್ಟಿದಳು. ಸೂಲಗಿತ್ತಿ "ತಾಯಿ ಮಗು ಇಬ್ರೂ ಚೆನ್ನಾಗವ್ರೆ" ಎಂದಾಗ ಮಾವ ನೊಗ ಕಟ್ಟುವ ಮೂಕಿಮರಕ್ಕೆ ಒರಗಿ ಕೂತು ಅತ್ತುಬಿಟ್ಟನಂತೆ. ಬಾಣಂತನದ ಖಾರ, ಕಷಾಯ, ಎಣ್ಣೆನೀರು ಯಾವುದಕ್ಕೂ ಅವನು ಕೊರತೆ ಮಾಡಲಿಲ್ಲ.

ಬಾಣಂತನ ಮುಗಿದ ಮೇಲೆ ಅದೇ ಗಾಡಿಯಲ್ಲಿ ನನ್ನನ್ನೂ ಮಗುವನ್ನೂ ಮೊಳಕಾಲ್ಮೂರಿಗೆ ಕರೆತಂದ. ಹೆಣ್ಣುಮಕ್ಕಳು ತವರು ಬಿಡುವಾಗ ಅಳುವುದನ್ನು ಎಷ್ಟೋ ಸಲ ನೋಡಿದ್ದೆ. ಈ ಹಾಳು ಅಳು ಯಾಕೆ ಎಂದು ನಕ್ಕಿದ್ದೂ ಉಂಟು. ಅವರು ತವರಿನ ಬಾಗಿಲು ದಾಟಿ ಬರುತ್ತಾರೆ. ನಾನು ಮಗುವನ್ನೆತ್ತಿಕೊಂಡು ಗಂಡನ ಮನೆಯ ಬಾಗಿಲಲ್ಲೇ ನಿಂತಿದ್ದೆ. ನನ್ನ ತವರೇ ಎತ್ತು ತಿರುಗಿಸಿಕೊಂಡು ಹೊರಟಿತು. ಬೀದಿಯ ತಿರುವಿನಲ್ಲಿ ಆ ರಾಕ್ಷಸನ ಮುಖ ಮರೆಯಾಗುವವರೆಗೂ ನೋಡಿದೆ. ಎಷ್ಟು ತಡೆದರೂ ಅಳು ನಿಲ್ಲಲಿಲ್ಲ.

ಅತ್ತೆ ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡು, ಬೀದಿಗೆ ಇಳಿದು ಮಾವನಿಗೆ ಕೇಳುವಂತೆ ಕೂಗಿದರು: "ಅಣ್ಣಾ, ಪಂಚಮಿ ಹಬ್ಬಕ್ಕೆ ತವರನ್ನ ಕರಕೊಂಡು ಬರ್ರಿ, ನಮ್ ಹುಡುಗಿ ಕಾಯ್ತಿರ್ತಾಳೆ."