ಟೈರು ಕೇಳಿದವನಿಗೆ ಪರದೆ ಕೊಟ್ಟರು

ನಾನು ಏನೇ ಕೊಳ್ಳಲು ಹೋದರೂ ಬೇಕಾದ್ದೊಂದು ಬಿಟ್ಟು ಉಳಿದದ್ದೆಲ್ಲ ಮನೆಗೆ ಬರುತ್ತದೆ. ತೊಂಬತ್ತರ ದಶಕದಲ್ಲಿ ನಮ್ಮ ಕೂಲಿಕಾರರ ಸಂಘಕ್ಕೆ ಮೊದಲ ಬಾರಿಗೆ ಒಂದು ಹಳೇ ಜೀಪು ಬಂದಾಗಲೂ ಹಾಗೇ ಆಯಿತು.

ಹೊಳಲೂರಿನಿಂದಾಚೆ, ಬಸ್ಸು ಹೋಗದ ಒಂದು ಹಳ್ಳಿ. ಅಲ್ಲಿಯ ದನ ಮೇಯುವ ಗೋಮಾಳವನ್ನು ಯಾರೋ ದೊಡ್ಡವರ ಕಲ್ಲುಕ್ವಾರಿಗೆ ಕೊಡಲು ಸೋಮವಾರ ಅಧಿಕಾರಿಯೊಬ್ಬರು ಅಳತೆಗೆ ಬರುವವರಿದ್ದರು. ಅವರಿಗಿಂತ ಮೊದಲು ನಾನು ಅಲ್ಲಿರಬೇಕಿತ್ತು. ದಾರಿ ಪೂರ್ತಿ ಕೆಸರು. ನಮ್ಮ ಜೀಪಿನ ಟೈರು ಬೋಳುತಲೆಯ ಹಾಗೆ ನುಣ್ಣಗಿತ್ತು. ಕೆಸರಿನಲ್ಲಿ ಹಿಡಿತ ಸಿಗುವ ನಾಲ್ಕು ಟೈರು ಸಿಕ್ಕಿದ್ದರೆ ಸಾಕಿತ್ತು.

ಪರದೆ

ಶಿವಮೊಗ್ಗದ ಬಿಡಿಭಾಗದ ಅಂಗಡಿಗೆ ಹೋದೆ. ಜೊತೆಗೆ ನಮ್ಮ ಡ್ರೈವರ್. ಹಿಂದೆ ಲಾರಿ ಓಡಿಸುತ್ತಿದ್ದ ಈ ಮನುಷ್ಯ, ಹೊಳೆಯುವುದನ್ನು ಏನೇ ಕಂಡರೂ ನಿಂತುಬಿಡುತ್ತಾನೆ.

"ಟೈರು ಇದೆಯಾ?"

"ಟೈರು ಭದ್ರಾವತೀಲಿ ಸಿಗುತ್ತೆ ಸಾರ್. ಕಿಟಕಿಗೆ ಪರದೆ ಹಾಕಿಸಿ. ಒಳಗೆ ಯಾರಿದ್ದಾರೆ ಅಂತ ಜನಕ್ಕೆ ಕಾಣಲ್ಲ."

"ನಾನು ಜನಕ್ಕೆ ಕಾಣಬೇಕು ಮಾರಾಯ, ಅದಕ್ಕೇ ಊರೂರು ತಿರುಗೋದು."

"ಈಗ ಹಾಗೇ ಅಂತೀರ. ಎಲೆಕ್ಷನ್ ಗೆದ್ದ ಮೇಲೆ ಎಲ್ಲರೂ ನನ್ನ ಹತ್ರಾನೇ ಬರ್ತಾರೆ. ಆಗ ರೇಟು ಜಾಸ್ತಿ ಆಗಿರುತ್ತೆ."

ಈ ದೇಶದ ರಾಜಕೀಯದ ಬಗ್ಗೆ ಇಷ್ಟು ಚಿಕ್ಕ ಭಾಷಣವನ್ನು ನನ್ನಿಂದ ಇವತ್ತಿಗೂ ಮಾಡಲಾಗಿಲ್ಲ. ತಿರುಗಿ ನೋಡುವಷ್ಟರಲ್ಲಿ ಡ್ರೈವರ್ ನೀಲಿ ಪರದೆ ಕಟ್ಟಿ ಮುಗಿಸಿದ್ದ.

ಹಾರ್ನು

ಭದ್ರಾವತಿ ಹಳೇ ಪೇಟೆಯ ಗುಜರಿ ಅಂಗಡಿಯವನೂ ಟೈರಿನ ಮಾತಿಗೆ ಇಲ್ಲವೆಂದು ಕೈ ಅಲ್ಲಾಡಿಸಿದ. "ಒಳ್ಳೆ ಟೈರು ಶಿವಮೊಗ್ಗದಲ್ಲೇ ಸಿಗೋದು ಅಣ್ಣಾ. ಈ ಹಾರ್ನ್ ಕೇಳಿ."

ಅವನು ಬ್ಯಾಟರಿಗೆ ವೈರು ತಾಗಿಸಿದ. ಬೀದಿಯೇ ನಡುಗಿತು. ಎದುರಿನ ಹೋಟೆಲಿನಲ್ಲಿ ಪೇಪರ್ ಓದುತ್ತಿದ್ದ ಮುದುಕರೊಬ್ಬರು ಅರ್ಧ ಚಹಾ ಬಿಟ್ಟು ಎದ್ದು, ಸರಸರ ಹೊರಟರು. ಹತ್ತು ಹೆಜ್ಜೆ ಹೋಗಿ ನಿಂತು, ತಲೆ ಕೆರೆದುಕೊಂಡು ವಾಪಸು ಬಂದರು.

"ಏನಾಯ್ತು ಯಜಮಾನ್ರೇ?" ಅಂದೆ.

"ಫ್ಯಾಕ್ಟರಿ ಸೈರನ್ ಅನ್ಕೊಂಡೆ. ರಿಟೈರ್ ಆಗಿ ಮೂರು ವರ್ಷ ಆಯ್ತು. ನನಗೆ ಗೊತ್ತು, ಕಾಲಿಗೆ ಇನ್ನೂ ಆರ್ಡರ್ ಬಂದಿಲ್ಲ."

ಹಾರ್ನು ಜೀಪಿಗೆ ಹತ್ತಿತು. ಅದರ ಜೊತೆ ನಾಲ್ಕು ಹಳದಿ ಲೈಟು. ಅವು ಯಾಕೆ ಎಂದು ಡ್ರೈವರನ್ನು ಕೇಳಿದೆ. "ಇರಲಿ ಸಾರ್" ಅಂದ. ಇಡೀ ಸರ್ಕಾರ ನಡೆಯುವುದೂ ಇದೇ ಎರಡು ಪದದ ಮೇಲೆ.

ಬಂಪರು

ಅಲ್ಲಿಂದ ವೆಲ್ಡಿಂಗ್ ಅಂಗಡಿ. ವೆಲ್ಡರ್ ಜೀಪನ್ನು ಒಂದು ಸುತ್ತು ಹಾಕಿ ಹೇಳಿದ: "ಟೈರು ಇಲ್ಲ, ಕೆಸರಲ್ಲಿ ಹೂತ್ಕೊಳ್ತೀರ. ಎಳೆಯೋಕೆ ಕೊಕ್ಕೆ ಬೇಕು. ಕೊಕ್ಕೆಗೆ ಗಟ್ಟಿ ಬಂಪರ್ ಬೇಕು."

"ಟೈರು ಇದ್ರೆ ಇದ್ಯಾವುದೂ ಬೇಡ ಅಲ್ವಾ?"

"ಬೇಡ. ಆದ್ರೆ ಇಲ್ಲವಲ್ಲ."

ಸರ್ಕಾರಿ ಯೋಜನೆ ಬರೆಯುವವರೆಲ್ಲ ಇವನ ಬಳಿಯೇ ಕಲಿತಿರಬೇಕು. ದಪ್ಪ ಪೈಪಿನ ಬಂಪರ್ ಬಂತು, ಬಾವುಟಕ್ಕೆಂದು ಬಾನೆಟ್ ಮೇಲೆ ಒಂದು ಕಡ್ಡಿಯೂ ಬಂತು. ಆ ಭಾರಕ್ಕೆ ಜೀಪಿನ ಮೂತಿ ಕೆಳಗಾಯಿತು.

"ಇದೇನಯ್ಯಾ, ಯಾರಿಗೋ ಕೈ ಮುಗಿದ ಹಾಗಿದೆ. ನಮ್ಮ ಸಂಘ ಯಾರಿಗೂ ತಲೆ ಬಾಗಲ್ಲ."

"ಸಂಘ ಬಾಗೋದು ಬೇಡ ಸಾರ್, ಅದಕ್ಕೇ ಗಾಡಿ ಇರೋದು" ಅಂದ ವೆಲ್ಡರ್.

ಸೋಮವಾರ

ಹಿಂದಿನ ವಾರ ನಡೆದುಕೊಂಡೇ ಹೋಗಿ ಆ ಹಳ್ಳಿಯವರಿಗೆ ಪಾಠ ಹೇಳಿ ಬಂದಿದ್ದೆ. "ಪರದೆ ಕಟ್ಟಿದ ಜೀಪು ಬರುತ್ತೆ. ದಾರಿಗಡ್ಡ ಮಲಗಿ. ಒಳಗಿರೋರು 'ನಾನು ನಿಮ್ಮವನೇ' ಅಂತಾರೆ, ನಂಬಬೇಡಿ."

ಹಳೇ ಟೈರಿನಲ್ಲೇ ಜಾರುತ್ತ, ಅಡ್ಡಡ್ಡ ಸಾಗುತ್ತ, ಬೆಳಿಗ್ಗೆ ಊರ ಬಾಗಿಲಿಗೆ ಬಂದೆವು. ಡ್ರೈವರ್ ಖುಷಿಯಲ್ಲಿ ಹಾರ್ನ್ ಒತ್ತಿದ. ಇಡೀ ಊರು ಬಂದು ಜೀಪಿನ ಮುಂದೆ ಮಲಗಿತು.

ಪರದೆ ಸರಿಸಿ ತಲೆ ಹೊರಹಾಕಿದೆ. "ನಾನು ಕಣ್ರಪ್ಪಾ, ನಿಮ್ಮವನೇ."

ಮುಂದಿನ ಸಾಲಿನಲ್ಲಿ ಮಲಗಿದ್ದ ಅಜ್ಜಿ ತಲೆ ಎತ್ತಲಿಲ್ಲ. "ನೋಡ್ರೋ, ಅವನು ಹೇಳಿದ ಹಾಗೇ ಅಂತಿದಾನೆ."

"ಅಜ್ಜೀ, ನನ್ನ ಗುರುತು ಸಿಗಲಿಲ್ವಾ?"

"ಸಿಗದೇ ಏನು. ಹೋದ ವಾರ ನಡ್ಕೊಂಡು ಬಂದೆ, ಈ ವಾರ ಪರದೆ ಕಟ್ಕೊಂಡು ಬಂದಿದೀಯ. ಒಂದೇ ವಾರಕ್ಕೆ ಆ ಕಡೆ ಸೇರ್ಕೊಂಡ್ಯಾ?"

ಅಷ್ಟರಲ್ಲಿ ಹಿಂದಿನಿಂದ ನಿಜವಾದ ಅಧಿಕಾರಿಯ ಜೀಪು ಬಂತು. ಅದಕ್ಕೆ ಪರದೆ ಇಲ್ಲ, ಲೈಟು ಎರಡೇ. ನಮ್ಮ ಜೀಪಿನ ಗತ್ತು ನೋಡಿ ಅವರು ಮೆಲ್ಲಗೆ ಇಳಿದು, ಬದಿಯಲ್ಲಿ ನಿಂತಿದ್ದ ರೈತನನ್ನು ಕೇಳಿದರು: "ಒಳಗೆ ಯಾರಪ್ಪ?"

"ಯಾರೋ ದೊಡ್ಡೋರು. ಹಿಡಿದು ಹಾಕಿದೀವಿ. ನಿಮಗೂ ಜಾಗ ಇದೆ, ಬನ್ನಿ."

ಅಧಿಕಾರಿಯ ಜೀಪು ತಿರುಗಿಕೊಳ್ಳುವ ಗೋಜಿಗೂ ಹೋಗದೆ, ಹೊಳಲೂರಿನ ರಸ್ತೆ ಸಿಗುವವರೆಗೂ ಹಿಂದಕ್ಕೇ ಓಡಿತು. ಅಳತೆ ಮುಂದಕ್ಕೆ ಹೋಯಿತು. ಮತ್ತೆ ಯಾರೂ ಬರಲೇ ಇಲ್ಲ.

ಅಜ್ಜಿ ಎದ್ದು ಸೀರೆ ಕೊಡವಿಕೊಂಡಳು. "ಈಗಾದ್ರೂ ದಾರಿ ಬಿಡಿ" ಅಂದೆ.

"ಪರದೆ ಬಿಚ್ಚು, ಬಿಡ್ತೀವಿ."

ಬಿಚ್ಚಿಕೊಟ್ಟೆ. ಗೋಮಾಳ ಉಳಿಯಿತು. ಇಷ್ಟು ವರ್ಷ ಎಷ್ಟೋ ರಸ್ತೆ ತಡೆ ಮಾಡಿಸಿದ್ದೇನೆ. ಪೂರ್ತಿ ಗೆದ್ದದ್ದು ಅದೊಂದೇ, ನನ್ನ ವಿರುದ್ಧ ನಡೆದದ್ದು.